ರಬ್ಬರ್ ರಿಂಗ್ ಇಲ್ಲದ ಸ್ಟೀಲ್ ಕ್ಯಾರಿಯರ್: ಬಸುರಿ ಮಗಳಿಗೆ ಕೊಂಡ ಊಟದ ಡಬ್ಬಿ

ಕಳೆದ ವರ್ಷ ಮಗಳು ಗರ್ಭಿಣಿಯೆಂದು ತಿಳಿದ ವಾರದಲ್ಲೇ ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರದ ಪಾತ್ರೆ ಅಂಗಡಿಯೊಂದರಲ್ಲಿ ಮೂರು ಡಬ್ಬಿಗಳ ಸ್ಟೀಲ್ ಕ್ಯಾರಿಯರ್ ಕೊಂಡೆ. ಒಂದರ ಮೇಲೊಂದು ಕೂರುವ ಡಬ್ಬಿಗಳು, ಎರಡೂ ಬದಿಗೆ ಸ್ಟೀಲ್ ಪಟ್ಟಿ, ಮೇಲೆ ಕೊಂಡಿ ಹಾಕುವ ಹಿಡಿ. ನಮ್ಮ ತಂದೆ ರೈಲ್ವೆ ಕೆಲಸಕ್ಕೆ ಒಯ್ಯುತ್ತಿದ್ದುದೂ ಇಂಥದ್ದೇ. ಬೆಲೆ 780 ರೂಪಾಯಿ. ಒಂದು ವರ್ಷ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದನ್ನೇ ಏಕೆ ಆರಿಸಿದೆ ಎಂಬುದನ್ನು ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ.

ಅದಕ್ಕೂ ಮುಂಚೆ ಮಗಳು ಆಫೀಸಿಗೆ ಒಯ್ಯುತ್ತಿದ್ದುದು ಆನ್‌ಲೈನ್‌ನಲ್ಲಿ ತರಿಸಿದ, ಸೋರುವುದಿಲ್ಲ ಎಂದು ಹೆಸರಾದ ಸ್ಟೀಲ್ ಡಬ್ಬಿ. ಡಬ್ಬಿಯ ಮೈಯಲ್ಲಿ ದೋಷವಿರಲಿಲ್ಲ. ಮುಚ್ಚಳದ ಒಳಗೆ ಗಾಜಿನಂತೆ ಪಾರದರ್ಶಕವಾದ ಒಂದು ಮೆತ್ತನೆಯ ರಿಂಗ್ ಇತ್ತು. ಹೊಸದರಲ್ಲಿ ಬಳೆಯಂತೆ ಬಳುಕುತ್ತಿದ್ದ ಆ ರಿಂಗ್, ಎಂಟು ತಿಂಗಳು ಬಿಸಿ ಹುಳಿ, ಒಗ್ಗರಣೆ ಮತ್ತು ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆಯ ಸಹವಾಸದಲ್ಲಿದ್ದ ಮೇಲೆ ಹಳದಿಗಟ್ಟಿ, ಒಣ ಹುರಿಯಂತೆ ಗಡುಸಾಗಿ, ಮಡಿಸಿದ ಕಡೆ ಸೀಳು ಬಿಟ್ಟಿತು. ಸಾಧಾರಣವಾಗಿ ನಾವು ಇದನ್ನು ಸವೆತ ಎಂದು ಕರೆದು ಸುಮ್ಮನಾಗುತ್ತೇವೆ. ನಾನು ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಮೆತ್ತಗಿದ್ದ ಪ್ಲಾಸ್ಟಿಕ್ ಗಡುಸಾಯಿತೆಂದರೆ ಅದನ್ನು ಮೆತ್ತಗಿಟ್ಟಿದ್ದ ವಸ್ತು ಎಲ್ಲಿಗೋ ಹೋಗಿರುವ ಸಾಧ್ಯತೆಯೇ ನನಗೆ ಮೊದಲು ಹೊಳೆಯಿತು.

ಹಳೆಯ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ತಾಮ್ರದ ತಂತಿಯನ್ನು ಜ್ವಾಲೆಯ ಬಣ್ಣ ಬದಲಾಗದಷ್ಟು ಶುದ್ಧವಾಗುವವರೆಗೆ ಕಾಯಿಸಿ, ಅದನ್ನು ರಿಂಗಿಗೆ ತಾಗಿಸಿ, ಮತ್ತೆ ಬರ್ನರ್‌ಗೆ ಹಿಡಿದೆ. ನವಿಲುಗರಿಯ ನಡುವಿನ ಬಣ್ಣದಂಥ ಹಸಿರು ಜ್ವಾಲೆ ಎದ್ದಿತು. ಇದು ಬೈಲ್‌ಸ್ಟೈನ್ ಪರೀಕ್ಷೆ. ಹಸಿರು ಬಂದರೆ ವಸ್ತುವಿನಲ್ಲಿ ಕ್ಲೋರಿನ್‌ನಂಥ ಹ್ಯಾಲೊಜೆನ್ ಇದೆಯೆಂದು ಅರ್ಥ. ಮುಚ್ಚಳದ ಪಾರದರ್ಶಕ ರಿಂಗ್‌ನಲ್ಲಿ ಅದು ಬಂತೆಂದರೆ ಬಹುಮಟ್ಟಿಗೆ ಪಿವಿಸಿ ಎಂಬ ಕ್ಲೋರಿನ್ ಇರುವ ಪ್ಲಾಸ್ಟಿಕ್. ಮನೆಯಲ್ಲಿದ್ದ ಇನ್ನೊಂದು ಡಬ್ಬಿಯ ಸಿಲಿಕೋನ್ ರಿಂಗ್‌ನ ಚೂರು ಅದೇ ಜ್ವಾಲೆಯಲ್ಲಿ ಬಿಳಿ ಬೂದಿಯಾಯಿತೇ ಹೊರತು ಹಸಿರು ತೋರಲಿಲ್ಲ. ಹೊಗೆ ಒಳ್ಳೆಯದಲ್ಲವಾದ್ದರಿಂದ ಅಡುಗೆಮನೆಯಲ್ಲಿ ಯಾರೂ ಇದನ್ನು ಮಾಡಬಾರದು.

ಪಿವಿಸಿ ತನ್ನಷ್ಟಕ್ಕೆ ನೀರಿನ ಪೈಪಿನಂತೆ ಗಟ್ಟಿ. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ದ್ರವಗಳನ್ನು ಬೆರೆಸುತ್ತಾರೆ. ಅವುಗಳಲ್ಲಿ ದಶಕಗಳಿಂದ ಹೆಚ್ಚು ಬಳಕೆಯಾದದ್ದು ಥ್ಯಾಲೇಟ್‌ಗಳ ಕುಟುಂಬ, ಅದರಲ್ಲೂ ಡಿಇಎಚ್‌ಪಿ. ಮೆತ್ತನೆಯ ಪಿವಿಸಿಯ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಇದೇ ಇರಬಹುದು. ಥ್ಯಾಲೇಟ್ ಪಿವಿಸಿಯ ಅಣುಗಳಿಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ, ನಡುವೆ ಸೇರಿಕೊಂಡಿರುತ್ತದೆ ಅಷ್ಟೆ. ಬಿಸಿ ತಗುಲಿದರೆ ಹೊರಬರುತ್ತದೆ, ಎಣ್ಣೆ ತಗುಲಿದರೆ ಇನ್ನೂ ಸುಲಭವಾಗಿ ಹೊರಬರುತ್ತದೆ, ಏಕೆಂದರೆ ಅದು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ವಸ್ತು. ಈ ಕಾರಣಕ್ಕಾಗಿಯೇ ಯುರೋಪಿಯನ್ ಒಕ್ಕೂಟ ಜಿಡ್ಡಿನ ಆಹಾರ ತಾಗುವ ಪ್ಲಾಸ್ಟಿಕ್‌ನಲ್ಲಿ ಡಿಇಎಚ್‌ಪಿಯನ್ನು 2007ರಲ್ಲೇ ನಿರ್ಬಂಧಿಸಿತು. ಮೆತ್ತಗಾಗಿಸಲು ಬೇರೆ ದ್ರವಗಳೂ ಇವೆ. ನನ್ನ ಹಸಿರು ಜ್ವಾಲೆ ಪಿವಿಸಿಯನ್ನು ತೋರಿಸಿತೇ ಹೊರತು ಒಳಗಿನ ದ್ರವದ ಹೆಸರನ್ನಲ್ಲ. ಹೆಸರು ಹೇಳಬೇಕಾದವರು ತಯಾರಕರು. ಅವರಿಗೆ ಎರಡು ಸಲ ಬರೆದೆ. ಬಂದ ಉತ್ತರದಲ್ಲಿ "ಫುಡ್ ಗ್ರೇಡ್" ಎಂಬ ಎರಡು ಪದಗಳ ಹೊರತು ಏನೂ ಇರಲಿಲ್ಲ.

ಬಸುರಿಯ ಡಬ್ಬಿಯ ವಿಷಯದಲ್ಲಿ ಇಷ್ಟು ಹಟ ಏಕೆಂದರೆ, ಗಂಡು ಭ್ರೂಣದ ಬೆಳವಣಿಗೆಯಲ್ಲಿ ನಿರ್ಣಾಯಕವಾದ ಕಾಲ ಬಹಳ ಬೇಗ ಬಂದು ಬೇಗ ಮುಗಿದುಹೋಗುತ್ತದೆ. ಹುಟ್ಟುವುದು ಗಂಡೋ ಹೆಣ್ಣೋ ನಮಗೆ ಗೊತ್ತಿರಲಿಲ್ಲ, ಕಾನೂನಿನ ಪ್ರಕಾರ ಗೊತ್ತಾಗಲೂಬಾರದು. ಗಂಡಾದರೆ, ಸರಿಸುಮಾರು 8ರಿಂದ 14ನೇ ವಾರದ ನಡುವೆ ಅದರ ವೃಷಣದ ಲೈಡಿಗ್ ಕೋಶಗಳು ಸ್ರವಿಸುವ ಟೆಸ್ಟೋಸ್ಟೆರಾನ್ ಹಾರ್ಮೋನೇ ಜನನಾಂಗದ ರಚನೆಗೆ ಅಪ್ಪಣೆ ಕೊಡುತ್ತದೆ. ಆ ವಾರಗಳಲ್ಲಿ ಹಾರ್ಮೋನ್ ಕಡಿಮೆಯಾದರೆ ಮುಂದೆ ಎಷ್ಟು ಬಂದರೂ ಅದು ಪೂರ್ತಿ ತುಂಬಿಕೊಡಲಾರದು. ಡಿಇಎಚ್‌ಪಿಯಂಥ ಕೆಲವು ಥ್ಯಾಲೇಟ್‌ಗಳು ಗರ್ಭದಲ್ಲಿರುವ ಇಲಿಮರಿಗಳಲ್ಲಿ ಈ ಹಾರ್ಮೋನಿನ ತಯಾರಿಕೆಯನ್ನೇ ತಗ್ಗಿಸುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅರ್ಲ್ ಗ್ರೇ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾಯಿ ಇಲಿಗೆ ಇವನ್ನು ಕೊಟ್ಟಾಗ ಹುಟ್ಟಿದ ಗಂಡುಮರಿಗಳ ಜನನಾಂಗದ ರಚನೆಯಲ್ಲಿ ದೋಷಗಳು ಕಂಡವು. ವೃಷಣ ಕೆಳಗಿಳಿಯದಿರುವುದು, ಮೂತ್ರದ್ವಾರ ತುದಿಯಲ್ಲಿರದೆ ಕೆಳಗೆ ತೆರೆದುಕೊಳ್ಳುವುದು, ಗುದದಿಂದ ಜನನಾಂಗದವರೆಗಿನ ಅಂತರ ಕುಗ್ಗುವುದು, ಇವೆಲ್ಲ ಕೂಡಿದ ಚಿತ್ರಕ್ಕೆ ವಿಜ್ಞಾನಿಗಳು ಥ್ಯಾಲೇಟ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ.

ಇಲಿಗಳಿಗೆ ಕೊಟ್ಟ ಪ್ರಮಾಣ ನಮ್ಮ ದಿನನಿತ್ಯದ ಸೇವನೆಗಿಂತ ಸಾವಿರಾರು ಪಟ್ಟು ಹೆಚ್ಚು ಎಂಬುದನ್ನು ಮುಚ್ಚಿಡಬಾರದು. ಮನುಷ್ಯರ ಮಟ್ಟಿಗೆ ಅಮೆರಿಕದ ಸಂಶೋಧಕಿ ಶಾನಾ ಸ್ವಾನ್ ಅವರ ತಂಡದ ಅಧ್ಯಯನಗಳನ್ನು ನೋಡಬೇಕು. 2005ರಲ್ಲಿ 85 ಗಂಡು ಮಕ್ಕಳನ್ನು ಅಳೆದಾಗ, ಬಸುರಿಯಾಗಿದ್ದಾಗ ತಾಯಿಯ ಮೂತ್ರದಲ್ಲಿ ಕೆಲವು ಥ್ಯಾಲೇಟ್‌ಗಳ ಅಂಶ ಹೆಚ್ಚಿದ್ದಲ್ಲಿ ಮಗುವಿನ ಗುದದಿಂದ ಜನನಾಂಗದವರೆಗಿನ ಅಂತರ ಕಡಿಮೆಯಿರುವುದು ಕಂಡಿತು. ಸಂಖ್ಯೆ ಚಿಕ್ಕದೆಂಬ ಟೀಕೆ ಬಂದ ಮೇಲೆ ಅಮೆರಿಕದ ನಾಲ್ಕು ನಗರಗಳಲ್ಲಿ ಏಳುನೂರಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಮೊದಲ ತ್ರೈಮಾಸಿಕದ ಡಿಇಎಚ್‌ಪಿಗೂ ಗಂಡು ಶಿಶುಗಳ ಅಂತರಕ್ಕೂ ಅದೇ ಬಗೆಯ ನಂಟನ್ನು ತೋರಿಸಿತು. ಹೆಣ್ಣು ಶಿಶುಗಳಲ್ಲಿ ಅದು ಕಾಣಲಿಲ್ಲ. ವ್ಯತ್ಯಾಸ ಮಿಲಿಮೀಟರ್‌ಗಳ ಲೆಕ್ಕದ್ದು, ಅದು ರೋಗವಲ್ಲ, ಯಾವ ತಾಯಿಯೂ ಹೆದರಿ ನಿದ್ದೆಗೆಡಬೇಕಾಗಿಲ್ಲ. ಆದರೆ ಒಂದು ರಿಂಗ್ ಬದಲಾಯಿಸುವಷ್ಟು ಕಾರಣ ಇದರಲ್ಲಿ ಖಂಡಿತ ಇದೆ.

ನಮ್ಮಲ್ಲಿ ಎಚ್ಚರವೆಲ್ಲ ಮಗು ಹುಟ್ಟಿದ ಮೇಲೆ ಶುರುವಾಗುತ್ತದೆ ಎಂಬುದು ನನ್ನ ನಿಜವಾದ ಕಳವಳ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದರ ಮಾನದಂಡದಲ್ಲಿ ಥ್ಯಾಲೇಟ್ ಮಿತಿಯೂ ಸೇರಿದೆ. ಅದು ಒಳ್ಳೆಯ ಕೆಲಸ. ಆದರೆ ಗಿಲಕಿ ಮಗುವಿನ ಬಾಯಿಗೆ ಹೋಗುವ ಹೊತ್ತಿಗೆ ಗರ್ಭದ ಆ ಆರು ವಾರಗಳು ಕಳೆದು ತಿಂಗಳುಗಳೇ ಆಗಿರುತ್ತವೆ. ಆ ವಾರಗಳಲ್ಲಿ ಮಗುವಿಗೆ ತಲುಪುವುದು ತಾಯಿ ಉಂಡದ್ದು ಮತ್ತು ಮೈಗೆ ಹಚ್ಚಿಕೊಂಡದ್ದು.

ಇನ್ನು ಕ್ಯಾರಿಯರ್‌ನ ಗುಣದೋಷ. ಆಹಾರ ತಾಗುವ ಕಡೆ ಸ್ಟೀಲ್ ಬಿಟ್ಟು ಬೇರೇನೂ ಇಲ್ಲ. ಒಂದು ಡಬ್ಬಿಯ ತಳವೇ ಇನ್ನೊಂದಕ್ಕೆ ಮುಚ್ಚಳ. ಹುಳಿಯಲ್ಲಿ ವರ್ಷವಿಡೀ ಮುಳುಗಿದರೂ ಕಲೆಯಿಲ್ಲ. ಅನ್ನ, ಪಲ್ಯ, ಗಟ್ಟಿ ಹುಳಿ, ಮೊಸರನ್ನ ಯಾವುದಕ್ಕೂ ತೊಂದರೆಯಿಲ್ಲ. ತಿಳಿಸಾರು ಮಾತ್ರ ಬಸ್ಸಿನ ಕುಲುಕಾಟದಲ್ಲಿ ಸೋರುತ್ತದೆ, ಎರಡು ಸಲ ಚೀಲ ನೆನೆದಿದೆ. ಸಾರು ಬೇಕೇಬೇಕೆನ್ನುವವರು ಸಿಲಿಕೋನ್ ಎಂದು ಸ್ಪಷ್ಟವಾಗಿ ಬರೆದಿರುವ ರಿಂಗ್‌ನ ಸಣ್ಣ ಡಬ್ಬಿಯೊಂದನ್ನು ಜೊತೆಗಿಟ್ಟುಕೊಳ್ಳಬೇಕು. ತೂಕ ಹೆಚ್ಚು, ತುಂಬಿದಾಗ ಬಸುರಿಯ ಕೈಗೆ ಭಾರವೇ. ಐದನೇ ತಿಂಗಳಿನಿಂದ ಅಳಿಯಂದಿರು ಹೊತ್ತರು. ಮೂರನೇ ತಿಂಗಳಲ್ಲಿ ಕೊಂಡಿ ಸಡಿಲವಾದಾಗ ಅಂಗಡಿಯವರು "ಕೊಡಿ ಅಮ್ಮಾ" ಎಂದು ಅಲ್ಲೇ ಕೂತು ತಟ್ಟಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಡಬ್ಬಿ ಬದಲಾಯಿಸಿದರೆ ಎಷ್ಟರಮಟ್ಟಿಗೆ ಪ್ರಯೋಜನ ಎಂದು ಮಗಳೇ ಕೇಳಿದಳು. ಥ್ಯಾಲೇಟ್ ದೇಹದಲ್ಲಿ ಶೇಖರವಾಗಿ ಉಳಿಯುವುದಿಲ್ಲ, ಬಹುಪಾಲು ಒಂದೆರಡು ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ. ಅಮೆರಿಕದಲ್ಲಿ ಐದು ಕುಟುಂಬಗಳ ಇಪ್ಪತ್ತು ಜನ ಮೂರು ದಿನ ಪೊಟ್ಟಣದ ಆಹಾರ ಬಿಟ್ಟು, ಪ್ಲಾಸ್ಟಿಕ್ ಸೋಂಕದ ತಾಜಾ ಊಟ ಮಾಡಿದಾಗ ಡಿಇಎಚ್‌ಪಿಯ ಅಂಶ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 2011ರ ಅಧ್ಯಯನ ಹೇಳುತ್ತದೆ. ಹಾಗಾಗಿ ಕ್ಯಾರಿಯರ್ ಜೊತೆಗೆ ಹೋಟೆಲಿನಿಂದ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಸಿ ಸಾಂಬಾರು ತರಿಸುವುದನ್ನೂ, ಗಾಢ ಪರಿಮಳದ ಲೋಷನ್ನನ್ನೂ ಅವಳು ಬಿಟ್ಟಳು. ಸುಗಂಧ ದ್ರವ್ಯಗಳಲ್ಲಿ ಬೇರೊಂದು ಥ್ಯಾಲೇಟ್ ಬಳಸುವ ರೂಢಿಯಿದೆ.

ಹೆರಿಗೆ ರಜೆ ಮುಗಿದು ಮಗಳು ಮತ್ತೆ ಆಫೀಸಿಗೆ ಹೋಗುತ್ತಿದ್ದಾಳೆ, ಅದೇ ಕ್ಯಾರಿಯರ್ ಜೊತೆಗಿದೆ. ಮೊನ್ನೆ ಸೊಸೆಗಾಗಿ ಅದೇ ಅಂಗಡಿಯಲ್ಲಿ ಇನ್ನೊಂದು ಕೊಂಡೆ. ಬೆಲೆ 60 ರೂಪಾಯಿ ಏರಿದೆ, ಕೊಂಡಿಯನ್ನು ಮಾತ್ರ ಈ ಸಲ ಮೊದಲೇ ಬಿಗಿ ಮಾಡಿಸಿಕೊಂಡು ಬಂದೆ.