ಐಟಿಐ, ಡಿಪ್ಲೊಮಾ, ಬಿಇ: ಸರ್ವೆ ಲೈಸೆನ್ಸಿಗೆ ಯಾವ ಓದು ಕೈ ಹಿಡಿಯಿತು?

ಸರ್ವೆಯನ್ನು ನಾನು ಮೂರು ಕಡೆ ಕಲಿತೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಎರಡು ವರ್ಷ ಸರ್ವೆಯರ್ ಟ್ರೇಡ್. ಅಲ್ಲಿಂದ ನೇರವಾಗಿ ಸಿವಿಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ. ಒಟ್ಟು ಏಳು ವರ್ಷ. ಅದಾದ ಮೇಲೆ ಪರವಾನಗಿ ಭೂಮಾಪಕರ, ಅಂದರೆ ಸರ್ಕಾರದ ಲೈಸೆನ್ಸ್ ಪಡೆದು ಜಮೀನು ಅಳೆಯುವವರ, ತರಬೇತಿಗೆ ಕೂತೆ. ಇವುಗಳಲ್ಲಿ ಯಾವುದು ಅಲ್ಲಿ ಕೆಲಸಕ್ಕೆ ಬಂತು ಎಂದು ಊರಿನ ಹುಡುಗರು ಕೇಳುತ್ತಲೇ ಇರುತ್ತಾರೆ.

ಮೊದಲು ಬಿಇ. ಅಲ್ಲಿ ಕೋನ ಅಳೆಯುವ ಥಿಯೊಡೊಲೈಟ್, ಕೋನ ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಎಲ್ಲ ಇತ್ತು. ಆದರೆ ವಾರಕ್ಕೊಂದು ಲ್ಯಾಬ್, ಒಂದು ಉಪಕರಣಕ್ಕೆ ಹತ್ತು ಹುಡುಗರು. ಎರಡು ವಾರದ ಸರ್ವೆ ಕ್ಯಾಂಪ್ ಮಾತ್ರ ನಿಜವಾಗಿ ಚೆನ್ನಾಗಿತ್ತು. ಹೊಸ ಕೆರೆ, ಹಳೇ ಕೆರೆಯ ದುರಸ್ತಿ, ರಸ್ತೆ, ಊರಿಗೆ ನೀರು ಪೂರೈಕೆ, ಹೀಗೆ ನಾಲ್ಕು ಕೆಲಸ. ಗಮನಿಸಿ, ನಾಲ್ಕೂ ಏನನ್ನೋ ಕಟ್ಟುವುದಕ್ಕಾಗಿ ಮಾಡುವ ಅಳತೆ. ಲೈಸೆನ್ಸಿನ ಕೆಲಸ ಬೇರೆ. ಯಾವತ್ತೋ ಯಾರೋ ಅಳೆದು ಬರೆದಿಟ್ಟ ಗಡಿಯನ್ನು ಇವತ್ತಿನ ಹೊಲದಲ್ಲಿ ಹುಡುಕಿ ತೋರಿಸಬೇಕು. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾರುವವರಿಗೆ ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಮಾಡಿಕೊಡಬೇಕಾದರೂ ಅಷ್ಟೇ. ಟಿಪ್ಪಣಿ (ಹಳೇ ಅಳತೆಯ ಗೆರೆಗಳಿರುವ ಹಾಳೆ), ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ), ಪಹಣಿ ಮೂರನ್ನೂ ಮುಂದಿಟ್ಟುಕೊಂಡು ತಾಳೆ ನೋಡಬೇಕು. ಬಿಇ ಓದುವಾಗ ಈ ಮೂರರ ಹೆಸರನ್ನೂ ನಾನು ಕೇಳಿರಲಿಲ್ಲ.

ತರಬೇತಿಯಲ್ಲಿ ಆದದ್ದನ್ನೇ ಹೇಳುತ್ತೇನೆ. ಹಳೇ ಟಿಪ್ಪಣಿಯ ಒಂದು ಗೆರೆಯ ಮೇಲೆ 5, ಪಕ್ಕದಲ್ಲಿ 7 ಎಂದು ಬರೆದಿತ್ತು. ನಮ್ಮ ಗುಂಪಿನಲ್ಲಿ ನಾಲ್ವರು ಅದನ್ನು 5.7 ಸರಪಳಿ ಎಂದು ಓದಿದೆವು. ನಾನೂ ಅದರಲ್ಲಿ ಒಬ್ಬ. ಅದು 5 ಸರಪಳಿ 7 ಆಣೆ. ನಮ್ಮ ಕಂದಾಯ ಸರ್ವೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಅಂದರೆ ಸರಿಯಾದ ಉದ್ದ 179 ಅಡಿ 5 ಅಂಗುಲದಷ್ಟು. ನಾವು ಹಾಕಿದ್ದು 188 ಅಡಿ. ಎಂಟೂವರೆ ಅಡಿಗೂ ಜಾಸ್ತಿ ವ್ಯತ್ಯಾಸ! ಹೊಲದಲ್ಲಿ ಅಷ್ಟು ಬದು ಸರಿದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಐಟಿಐ. ಆಣೆಯ ಲೆಕ್ಕ ಅಲ್ಲೂ ನನಗೆ ಕಲಿಸಿರಲಿಲ್ಲ, ಅದು ನಿಜ. ಆದರೆ ದಿನಾ ಬಿಸಿಲಲ್ಲಿ ನಿಂತಿದ್ದೆವು. ಸರಪಳಿ ಜೋಲು ಬೀಳದಂತೆ ಎಳೆಯುವುದು, ಕ್ರಾಸ್ ಸ್ಟಾಫ್ ಎಂಬ ಕೋಲಿನ ಉಪಕರಣ ಇಟ್ಟು ಲಂಬ (ಮೂಲ ಗೆರೆಗೆ ನೇರ ಅಡ್ಡಗೆರೆ) ತೆಗೆಯುವುದು, ಫೀಲ್ಡ್ ಬುಕ್ಕನ್ನು ಪುಟದ ಕೆಳಗಿನಿಂದ ಮೇಲಕ್ಕೆ ಬರೆಯುವುದು. ಟಿಪ್ಪಣಿ ಅಂದರೂ ಇದೇ ಅಲ್ವಾ? ನಡುವೆ ಒಂದು ಮೂಲ ಗೆರೆ, ಎಡಕ್ಕೂ ಬಲಕ್ಕೂ ಲಂಬಗಳು, ಅವುಗಳ ತುದಿಯಲ್ಲಿ ಗಡಿ. ಆಣೆಯ ವಿಷಯ ತಿಳಿದ ಮೇಲೆ ನನಗೆ ಇಡೀ ಹಾಳೆ ಅರ್ಧ ಗಂಟೆಯಲ್ಲಿ ಓದಲು ಬಂತು. ನೇರ ಬಿಇಯಿಂದ ಬಂದಿದ್ದ ಗೆಳೆಯನಿಗೆ ಮೂರು ದಿನ ಬೇಕಾಯಿತು. ಅವನು ನನಗಿಂತ ಬುದ್ಧಿವಂತ. ಲಂಬವನ್ನು ಕೈಯಾರೆ ತೆಗೆದ ಅಭ್ಯಾಸ ಅವನಿಗೆ ಇರಲಿಲ್ಲ, ಅಷ್ಟೇ.

ಡಿಪ್ಲೊಮಾದಿಂದ ಬಂದದ್ದು ಡ್ರಾಯಿಂಗ್ ಮತ್ತು ಆಟೊಕ್ಯಾಡ್. ನಕ್ಷೆ ಬರೆಯುವಾಗ ಇವತ್ತಿಗೂ ಅದೇ ಕೈ.

ಹಾಗಂತ ಬಿಇ ಸುಮ್ನೆ ಹೋಯಿತು ಎನ್ನಲಾರೆ. ಲೈಸೆನ್ಸ್ ಬಂದ ಮೇಲೆ ಅದರ ಬೆಲೆ ಗೊತ್ತಾಯಿತು. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ ರೋವರ್ (ಉಪಗ್ರಹದ ಸಂಕೇತದಿಂದ ಜಾಗ ಗುರುತಿಸುವ ಉಪಕರಣ) ಹಿಡಿದು ಹೋದಾಗ ಜೊತೆಗಿದ್ದವರು ಅದನ್ನು ಯುಟಿಎಂ 43ನೇ ವಲಯಕ್ಕೇ ಇಟ್ಟಿದ್ದರು. ಯುಟಿಎಂ ಅಂದರೆ ನಕ್ಷೆಗಾಗಿ ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಹಂಚುವ ಪದ್ಧತಿ. ಕರ್ನಾಟಕದ ಹೆಚ್ಚಿನ ಭಾಗಕ್ಕೆ ಅದೇ ಸರಿ. ಆದರೆ 78 ಡಿಗ್ರಿ ರೇಖಾಂಶ ದಾಟಿದರೆ 44ನೇ ವಲಯ, ಮುಳಬಾಗಿಲು ಇರುವುದು ಆ ಕಡೆ. ಇದನ್ನು ಹಿಡಿಯಲು ನನಗೆ ನೆರವಾದದ್ದು ಬಿಇ ತರಗತಿ. ಸುತ್ತಲೂ ಅಳೆದು ಹೊರಟ ಜಾಗಕ್ಕೇ ಬಂದಾಗ ಲೆಕ್ಕ ಕೂಡದಿದ್ದರೆ ತಪ್ಪನ್ನು ಹೇಗೆ ಹಂಚಬೇಕು, ಯಾವಾಗ ಹಂಚದೆ ಮತ್ತೆ ಅಳೆಯಬೇಕು ಎನ್ನುವುದೂ ಅಲ್ಲಿಯ ಪಾಠವೇ. ಐಟಿಐನಲ್ಲಿ ತಪ್ಪು ಬಂದರೆ ಮತ್ತೆ ಅಳತೆ ಮಾಡು ಎನ್ನುತ್ತಿದ್ದರು, ಏಕೆ ಬಂತು ಎಂದು ಕೇಳುತ್ತಿರಲಿಲ್ಲ.

ಲೈಸೆನ್ಸ್ ಒಂದನ್ನೇ ನೋಡುವುದಾದರೆ ನನ್ನ ಮತ ಐಟಿಐಗೆ. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿ ಇರುತ್ತೇನೆ ಎನ್ನುವವರು ಬಿಇಯನ್ನೂ ಬಿಡಬಾರದು. ಸಿವಿಲ್ ಕಾಲೇಜುಗಳ ಕ್ಯಾಂಪಿನಲ್ಲಿ ಎರಡೇ ಎರಡು ದಿನ ಒಂದು ಹಳೇ ಟಿಪ್ಪಣಿ ಕೊಟ್ಟು ಗಡಿ ತೋರಿಸುವ ಬಾಂದು ಕಲ್ಲು ಹುಡುಕಲು ಬಿಟ್ಟರೆ ಎಷ್ಟು ಚೆನ್ನಾಗಿರುತ್ತದೆ! ಹೊಸ ಕೆರೆಯ ಲೆವೆಲ್ ತೆಗೆಯುವ ಜಾಗದಲ್ಲೇ ‘ಬ’ ಖರಾಬಿನ (ಸಾರ್ವಜನಿಕರಿಗೆ ಸೇರಿದ, ಸಾಗುವಳಿಗೆ ಬಾರದ ಜಾಗ) ಹಳ್ಳವೂ ಇರುತ್ತದೆ, ಬೇರೆ ಕಡೆ ಹೋಗುವುದೇ ಬೇಡ.

ಅಕ್ಕನ ಮಗ ಈ ವರ್ಷ ಸರ್ವೆಯರ್ ಟ್ರೇಡ್ ಸೇರಿದ್ದಾನೆ. ಭಾನುವಾರ ಅವನನ್ನು ನಮ್ಮ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ನಮ್ಮದೇ ಸರ್ವೆ ನಂಬರಿನ ಟಿಪ್ಪಣಿಯ ನಕಲು ಹಿಡಿದು. ಈಶಾನ್ಯ ಮೂಲೆಯ ಕಲ್ಲು ನನಗೂ ಇನ್ನೂ ಸಿಕ್ಕಿಲ್ಲ.