‘ಕೆನಡಾದ ಅನುಭವ’ವನ್ನು ಹಣ ಕೊಟ್ಟು ಕೊಳ್ಳಬೇಡಿ

ಕೆನಡಾಕ್ಕೆ ಹೊಸದಾಗಿ ಬಂದು ಕೆಲಸ ಹುಡುಕುತ್ತಿರುವ ಕನ್ನಡಿಗರು, ಮುಖ್ಯವಾಗಿ ಟೊರಾಂಟೊ ಸುತ್ತಲಿನ ಬ್ರಾಂಪ್ಟನ್, ಮಿಸ್ಸಿಸ್ಸಾಗಾ ಕಡೆ ನೆಲೆಸಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ‘ಕೆನಡಾದ ಅನುಭವ ಕೊಡಿಸುತ್ತೇವೆ’ ಎಂದ ಸಂಸ್ಥೆಯೊಂದಕ್ಕೆ ನಾನು 2,800 ಡಾಲರ್ ಕೊಟ್ಟೆ, ಎಂಟು ವಾರ ಸಂಬಳವಿಲ್ಲದೆ ದುಡಿದೆ, ಕೊನೆಗೆ ಕೈಗೆ ಬಂದಿದ್ದ ನಿಜವಾದ ಕೆಲಸವನ್ನೂ ಕಳೆದುಕೊಂಡೆ.

ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ, ಪಿಆರ್ (ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ದೊರೆತ ಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಹೆಂಡತಿ ಮತ್ತು ಮಗಳೊಂದಿಗೆ ಇಲ್ಲಿಗೆ ಬಂದೆ. ಎರಡು ತಿಂಗಳಲ್ಲಿ ನೂರಾ ನಲವತ್ತು ಅರ್ಜಿ ಹಾಕಿದ್ದಕ್ಕೆ ಮೂರು ಕರೆಗಳು ಬಂದವು. ಆ ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ಕೆನಡಾದಲ್ಲಿ ದುಡಿದ ಅನುಭವವಿದೆಯೇ? ಕೆಲಸ ಕೊಟ್ಟರಲ್ಲವೇ ಅನುಭವ ಬರುವುದು ಎಂದು ಹೇಳಲು ನಾಲಿಗೆ ತುದಿಗೆ ಬಂದರೂ ಸುಮ್ಮನಾಗುತ್ತಿದ್ದೆ. ಇಂಥ ಷರತ್ತು ಮೇಲ್ನೋಟಕ್ಕೇ ತಾರತಮ್ಯವೆಂದು ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗವು 2013ರಲ್ಲೇ ಹೇಳಿತ್ತು, ಎಂಜಿನಿಯರುಗಳಿಗೆ ಲೈಸೆನ್ಸ್ ಕೊಡುವ ಪ್ರಾಂತೀಯ ಮಂಡಳಿಯೂ 2023ರ ಮೇ ತಿಂಗಳಲ್ಲಿ ಈ ಷರತ್ತನ್ನು ಕೈಬಿಟ್ಟಿತ್ತು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಊರಿನಿಂದ ತಂದಿದ್ದ ಹಣ ತಿಂಗಳ ಬಾಡಿಗೆಗೆ ಕರಗುತ್ತಿದೆ ಎಂಬುದೊಂದೇ.

ಆ ನವೆಂಬರಿನ ರಾಜ್ಯೋತ್ಸವ ಕಾರ್ಯಕ್ರಮವೊಂದರಲ್ಲಿ, ಊಟದ ಸಾಲಿನಲ್ಲಿ ಒಬ್ಬರು ಪರಿಚಯವಾದರು. ನನ್ನ ಕಷ್ಟ ಕೇಳಿ, ‘ನಾವೆಲ್ಲ ಒಂದೇ ಕಡೆಯವರು, ನಿಮಗೆ ಮೋಸ ಮಾಡ್ತೀನಾ ಸರ್’ ಎಂದರು. ಮರುವಾರ ಅವರು ಕರೆದುಕೊಂಡು ಹೋದ ಕಚೇರಿಯಲ್ಲಿ ತರಬೇತಿ, ಇಂಟರ್ನ್‌ಶಿಪ್, ಆಮೇಲೆ ಖಚಿತ ಉದ್ಯೋಗ ಎಂಬ ಯೋಜನೆಯನ್ನು ಮುಂದಿಟ್ಟರು. ಪರದೇಶದಲ್ಲಿ ಕನ್ನಡದಲ್ಲಿ ಸಮಾಧಾನ ಹೇಳುವವರು ಸಿಕ್ಕರೆ ಮನಸ್ಸು ಎಷ್ಟು ಬೇಗ ಸಡಿಲವಾಗುತ್ತದೆ ಎಂಬುದನ್ನು ಹೊಸದಾಗಿ ಬಂದವರೇ ಬಲ್ಲರು. ಬೆಂಗಳೂರಿನಲ್ಲಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದ ನಾನು ಅಲ್ಲಿ ಒಂದನ್ನೂ ಕೇಳದೆ ಎರಡು ಕಂತುಗಳಲ್ಲಿ ಹಣ ಕಳಿಸಿದೆ.

ರಶೀದಿಯಲ್ಲಿ ‘ವೃತ್ತಿ ಮಾರ್ಗದರ್ಶನ’ ಎಂದಷ್ಟೇ ಬರೆದಿದ್ದರು. ಅದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಒಂಟಾರಿಯೊದ ಉದ್ಯೋಗ ಮಾನದಂಡ ಕಾಯ್ದೆಯ ಪ್ರಕಾರ ತಾತ್ಕಾಲಿಕ ಕೆಲಸಕ್ಕೆ ಜನರನ್ನು ಕಳಿಸುವ ಏಜೆನ್ಸಿಯು ನೋಂದಣಿಗಾಗಲಿ, ಕೆಲಸಕ್ಕೆ ಕಳಿಸುವುದಕ್ಕಾಗಲಿ, ರೆಸ್ಯೂಮೆ ಬರೆಸಿಕೊಡುವುದಕ್ಕಾಗಲಿ, ಸಂದರ್ಶನದ ತಯಾರಿಗಾಗಲಿ ಕೆಲಸಗಾರನಿಂದ ಶುಲ್ಕ ಪಡೆಯುವಂತಿಲ್ಲ. ಆದುದರಿಂದಲೇ ಇಂಥವರು ತಮ್ಮನ್ನು ಏಜೆನ್ಸಿ ಎಂದು ಕರೆದುಕೊಳ್ಳದೆ ತರಬೇತಿ ಸಂಸ್ಥೆ ಎನ್ನುತ್ತಾರೆ.

ಆನ್‌ಲೈನ್ ಪಾಠಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಇಂಟರ್ನ್‌ಶಿಪ್ ಎಂದು ಕಳಿಸಿದ್ದು ಬ್ರಾಂಪ್ಟನ್‌ನ ಒಂದು ಗೋದಾಮಿಗೆ. 2024ರ ಜನವರಿ ಕೊನೆಯಿಂದ ಎಂಟು ವಾರ, ವಾರಕ್ಕೆ 35 ಗಂಟೆ, ಪೆಟ್ಟಿಗೆಗಳನ್ನು ಇಳಿಸಿ ಜೋಡಿಸುವುದೇ ಕೆಲಸವಾಗಿತ್ತು. ಮುಂಜಾನೆ ಐದಕ್ಕೆ ಹಿಮದಲ್ಲಿ ಬಸ್ಸಿಗೆ ಕಾಯುವಾಗ, ಇದು ಮುಂದಿನ ಒಳ್ಳೆಯ ಕೆಲಸಕ್ಕೆ ಮೆಟ್ಟಿಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನ್ನೊಂದಿಗೆ ಪಂಜಾಬ್, ಕೇರಳ, ನೈಜೀರಿಯಾ, ಫಿಲಿಪೀನ್ಸ್‌ಗಳಿಂದ ಬಂದವರಿದ್ದರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ, ಇನ್ನೊಬ್ಬರು ಲೆಕ್ಕಪರಿಶೋಧಕರು. ಎಲ್ಲರೂ ಹಣ ಕೊಟ್ಟೇ ಬಂದವರು. ಇತರರು ಮಾಡುವ ಕೂಲಿ ಕೆಲಸವನ್ನೇ ಮಾಡಿಸಿಕೊಂಡು, ಅದಕ್ಕೆ ತರಬೇತಿ ಎಂದು ಹೆಸರಿಟ್ಟ ಮಾತ್ರಕ್ಕೆ ಕನಿಷ್ಠ ವೇತನ ತಪ್ಪಿಸುವಂತಿಲ್ಲ. ಆಗ ಇಲ್ಲಿಯ ಕನಿಷ್ಠ ವೇತನ ಗಂಟೆಗೆ 16.55 ಡಾಲರ್ ಇತ್ತು. ಆ ಲೆಕ್ಕದಲ್ಲಿ ನನ್ನೊಬ್ಬನಿಗೇ ಬರಬೇಕಾಗಿದ್ದ ಕೂಲಿ 4,600 ಡಾಲರಿಗೂ ಹೆಚ್ಚು.

ಇದಕ್ಕಿಂತ ದೊಡ್ಡ ನಷ್ಟ ಆಮೇಲೆ ಕಾದಿತ್ತು. ಏಪ್ರಿಲ್‌ನಲ್ಲಿ ಅವರು ಬರೆದುಕೊಟ್ಟ ರೆಸ್ಯೂಮೆಯಲ್ಲಿ ನಾನು 2021ರಿಂದ ಒಂಟಾರಿಯೊದ ಯಾವುದೋ ಕಂಪನಿಯಲ್ಲಿ ದುಡಿದೆನೆಂದು ಇತ್ತು, ವಿಚಾರಿಸುವವರಿಗೆ ಉತ್ತರಿಸಲು ಅವರದೇ ಒಬ್ಬ ವ್ಯಕ್ತಿಯ ಫೋನ್ ನಂಬರೂ ಇತ್ತು. ಪೀಣ್ಯದ ಹನ್ನೊಂದು ವರ್ಷಗಳನ್ನು ಎರಡು ಸಾಲಿಗೆ ಇಳಿಸಿದ್ದರು. ಇದು ಸುಳ್ಳೆಂದು ನನಗೆ ಗೊತ್ತಿತ್ತು, ಹೆಂಡತಿ ಬೇಡವೆಂದಳು, ಆದರೂ ಕಳಿಸಿದೆ. ಆ ತಪ್ಪು ನನ್ನದೇ.

ಮೇ ತಿಂಗಳಲ್ಲಿ ಗ್ವೆಲ್ಫ್‌ನ ಬಿಡಿಭಾಗಗಳ ಕಾರ್ಖಾನೆಯೊಂದು ಸಂದರ್ಶನಕ್ಕೆ ಕರೆಯಿತು. ಕ್ವಾಲಿಟಿ ಮ್ಯಾನೇಜರ್ ಅಳತೆ ಉಪಕರಣಗಳನ್ನು ಎಷ್ಟು ನಂಬಬಹುದು ಎಂದು ನೋಡುವ ಗೇಜ್ ಸ್ಟಡಿ ಬಗ್ಗೆ, ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯಲು ಸಲ್ಲಿಸುವ ಪಿಪಿಎಪಿ ದಾಖಲೆಗಳ ಬಗ್ಗೆ, ಗ್ರಾಹಕರು ವಾಪಸು ಕಳಿಸಿದ ಮಾಲಿನ ದೋಷ ಪತ್ತೆ ಮಾಡುವ ಬಗ್ಗೆ ಒಂದು ಗಂಟೆ ಪ್ರಶ್ನೆ ಕೇಳಿದರು. ನಾನು ಕೊಟ್ಟ ಉತ್ತರಗಳೆಲ್ಲ ಪೀಣ್ಯದಲ್ಲಿ ಕಲಿತವು. ಅವರಿಗೆ ಮೆಚ್ಚುಗೆಯಾಗಿ ಗಂಟೆಗೆ 31 ಡಾಲರಿನ ಆಫರ್ ಪತ್ರ ಬಂತು. ಹಿನ್ನೆಲೆ ಪರಿಶೀಲಿಸುವವರು 2021 ಮತ್ತು 2022ರ ಟಿ-4, ಅಂದರೆ ಇಲ್ಲಿಯ ಮಾಲೀಕರು ತೆರಿಗೆಗಾಗಿ ವರ್ಷವರ್ಷ ಕೊಡುವ ವೇತನ ಪತ್ರ, ಕಳಿಸಿ ಎಂದರು. ಆ ವರ್ಷಗಳಲ್ಲಿ ನಾನು ಈ ದೇಶದಲ್ಲೇ ಇರಲಿಲ್ಲ. ಮೂರನೆಯ ದಿನ ಆಫರ್ ರದ್ದಾಯಿತು. ನನ್ನ ನಿಜವಾದ ಅನುಭವದಿಂದ ದೊರೆತ ಕೆಲಸವನ್ನು ಹಣ ಕೊಟ್ಟು ಕೊಂಡ ಸುಳ್ಳು ಅನುಭವ ಕಿತ್ತುಕೊಂಡಿತು. ಇದನ್ನು ನೆನೆದರೆ ಇಂದಿಗೂ ರಾತ್ರಿ ನಿದ್ದೆ ಬರುವುದಿಲ್ಲ.

ಸಂಸ್ಥೆಯವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಮಗಳ ಶಾಲೆಯಲ್ಲಿ ಪರಿಚಯವಾದ ತಾಯಿಯೊಬ್ಬರು ನನ್ನನ್ನು ಎಂಪ್ಲಾಯ್‌ಮೆಂಟ್ ಒಂಟಾರಿಯೊ ಕೇಂದ್ರಕ್ಕೆ ಕಳಿಸಿದರು. ಸರ್ಕಾರದ ಹಣದಿಂದ ನಡೆಯುವ ಈ ಕೇಂದ್ರಗಳಲ್ಲಿ ರೆಸ್ಯೂಮೆ, ಸಂದರ್ಶನದ ಅಭ್ಯಾಸ, ಉದ್ಯೋಗದಾತರ ಪರಿಚಯ ಎಲ್ಲವೂ ಉಚಿತ. ಅಲ್ಲಿಯ ಸಲಹೆಗಾರ್ತಿ ಪೀಣ್ಯದ ಕೆಲಸವನ್ನೇ ಮೊದಲ ಪುಟದಲ್ಲಿ ಬರೆಸಿದರು, ಆ ಹೊಸ ರೆಸ್ಯೂಮೆಯಿಂದ ಆಗಸ್ಟ್‌ನಲ್ಲಿ ಕೆಲಸ ಸಿಕ್ಕಿತು. ಕೂಲಿ ಬಾಕಿಗಾಗಿ ಪ್ರಾಂತ್ಯದ ಕಾರ್ಮಿಕ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಶುಲ್ಕವಿರಲಿಲ್ಲ, ವಕೀಲರೂ ಬೇಕಾಗಲಿಲ್ಲ. ಬಸ್ ಕಾರ್ಡಿನ ದಾಖಲೆ ಮತ್ತು ಮೇಲ್ವಿಚಾರಕರು ಪಾಳಿ ತಿಳಿಸಿದ ವಾಟ್ಸ್ಯಾಪ್ ಸಂದೇಶಗಳೇ ಸಾಕ್ಷಿಯಾದವು. ಏಳು ತಿಂಗಳ ಬಳಿಕ ಕೂಲಿ ಬಂತು. ಕಟ್ಟಿದ 2,800 ಡಾಲರ್ ಬರಲಿಲ್ಲ.

2024ರ ಜುಲೈ 1ರಿಂದ ಒಂಟಾರಿಯೊದಲ್ಲಿ ತಾತ್ಕಾಲಿಕ ಏಜೆನ್ಸಿಗಳಿಗೂ ಕೆಲಸ ಹುಡುಕಿಕೊಡುವವರಿಗೂ ಲೈಸೆನ್ಸ್ ಕಡ್ಡಾಯವಾಗಿದ್ದು, ಲೈಸೆನ್ಸ್ ಇದೆಯೇ ಎಂಬುದನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 2026ರ ಜನವರಿ 1ರಿಂದ ಇಪ್ಪತ್ತೈದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಉದ್ಯೋಗ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕೆಂದು ಕೇಳುವುದನ್ನೂ ನಿಷೇಧಿಸಲಾಗಿದೆ. ಯಾರಾದರೂ ಆ ಅನುಭವವನ್ನು ಮಾರಲು ಬಂದರೆ ಇದನ್ನೇ ಅವರ ಮುಂದಿಡಿ.

ಕೂಲಿ ಬಾಕಿಯ ಅರ್ಜಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿದೆ. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಆ ಗೋದಾಮಿನಲ್ಲಿ ನನ್ನ ಜೊತೆ ಪೆಟ್ಟಿಗೆ ಹೊತ್ತವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಅವರ ಗುರುತು ನಿಮಗಿದ್ದರೆ, ಗಡುವು ಮೀರಿಲ್ಲವೇ ಎಂದು ನೋಡಿ ಕೂಡಲೇ ಅರ್ಜಿ ಹಾಕಲು ಹೇಳಿ. ನಾನು ಸಲ್ಲಿಸಿದ ಕಾಗದಪತ್ರಗಳ ಪ್ರತಿಗಳನ್ನು ಕೊಡುತ್ತೇನೆ, ಬೇಕಾದರೆ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿಕೊಡುತ್ತೇನೆ.