ಒಂದು ಕೈಯ ಬ್ಯಾಕ್‌ಹ್ಯಾಂಡ್ ಕಲಿಸಿದ ಜಯನಗರದ ಟೆನಿಸ್ ತರಗತಿ

ಮಗಳನ್ನು ಈ ತರಗತಿಗೆ ಸೇರಿಸಿ ಹನ್ನೊಂದು ತಿಂಗಳಾಯಿತು. ವಾರಕ್ಕೆ ಮೂರು ದಿನ, ತಿಂಗಳಿಗೆ 4,500 ರೂಪಾಯಿ. ಜಯನಗರದ ಒಳರಸ್ತೆಯಲ್ಲಿ ಎರಡೇ ಮಣ್ಣಿನ ಕೋರ್ಟ್, ಪಕ್ಕದಲ್ಲಿ ಒಂದು ಹೊಂಗೆ ಮರ. ನಡೆಸುವವರು ಹಿಂದೆ ರಾಜ್ಯ ಮಟ್ಟದಲ್ಲಿ ಆಡಿದವರು. ಮಕ್ಕಳಿಗೆಲ್ಲ ಅವರು ‘ಮೇಡಂ’.

ಮೊದಲು ಹೋಗುತ್ತಿದ್ದ ಕಡೆ ಮಗಳು ಬ್ಯಾಕ್‌ಹ್ಯಾಂಡ್ ಅನ್ನು, ಅಂದರೆ ಎಡಬದಿಗೆ ಬಂದ ಚೆಂಡಿನ ಹೊಡೆತವನ್ನು, ಒಂದೇ ಕೈಯಲ್ಲಿ ಹೊಡೆದರೆ ಗದರುತ್ತಿದ್ದರು, ಹೆಣ್ಣುಮಕ್ಕಳ ತೋಳಿಗೆ ಅದು ಆಗದು ಎಂದು. ಇಲ್ಲಿ ಮೊದಲ ದಿನವೇ ಮೇಡಂ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ, ಎಡಗೈಯಿಂದ ರಾಕೆಟ್ಟಿನ ಕೊರಳು ಹಿಡಿಸಿ, “ಭುಜ ತಿರುಗುವವರೆಗೂ ಬಿಡಬೇಡ” ಎಂದರು. ಚೆಂಡು ಬಲ ಮೊಣಕಾಲಿಗಿಂತ ಒಂದು ಗೇಣು ಮುಂದೆಯೇ ಸಿಗಬೇಕು. ಆ ಕ್ಷಣಕ್ಕೆ ಎಡಗೈ ಹಿಂದಕ್ಕೆ ಚಾಚಿಕೊಳ್ಳಬೇಕು. ಎರಡು ವಾರ ಇಷ್ಟೇ ಪಾಠ.

ಆಮೇಲೆ ಮೊಬೈಲಿನಲ್ಲಿ 2006ರ ವಿಂಬಲ್ಡನ್ ಫೈನಲ್ ತೋರಿಸಿದರು. ಫ್ರಾನ್ಸಿನ ಅಮೆಲಿ ಮೌರೆಸ್ಮೊ, ಬೆಲ್ಜಿಯಂನ ಜಸ್ಟಿನ್ ಹೆನಿನ್, ಇಬ್ಬರದೂ ಒಂದೇ ಕೈಯ ಹೊಡೆತ. ಮೌರೆಸ್ಮೊ ಮೊದಲ ಸೆಟ್ಟನ್ನು 2-6ರಲ್ಲಿ ಸೋತು, ಉಳಿದೆರಡನ್ನು 6-3, 6-4ರಲ್ಲಿ ಗೆದ್ದರು. 2004ರಲ್ಲೇ ವಿಶ್ವದ ಒಂದನೇ ಸ್ಥಾನಕ್ಕೇರಿದ್ದರೂ ಗ್ರ್ಯಾಂಡ್‌ಸ್ಲಾಮ್ (ಟೆನಿಸ್ಸಿನ ನಾಲ್ಕು ದೊಡ್ಡ ಟೂರ್ನಿಗಳು) ಸಿಂಗಲ್ಸ್ ಪ್ರಶಸ್ತಿ ಸಿಗಲು 2006ರವರೆಗೆ ಕಾಯಬೇಕಾಯಿತು ಅವರು. ತಮ್ಮ ದೇಶದ ರೋಲ್ಯಾಂಡ್ ಗ್ಯಾರೋಸ್‌ನಲ್ಲಂತೂ (ಫ್ರೆಂಚ್ ಓಪನ್) ಕ್ವಾರ್ಟರ್‌ಫೈನಲ್ ದಾಟಲೇ ಇಲ್ಲ. ಈಗ ಅದೇ ಟೂರ್ನಿಯನ್ನು ನಡೆಸುವ ಮೊದಲ ಮಹಿಳಾ ನಿರ್ದೇಶಕಿ ಅವರೇ. ಮಗಳು ಆ ದಿನದಿಂದ ಅವರ ಭಕ್ತೆ.

ಆದರೆ ಒಂದು ಮಾತು ಹೇಳಲೇಬೇಕು. ನಿರ್ದೇಶಕಿಯಾದ ಮೊದಲ ವರ್ಷ, 2022ರಲ್ಲಿ, ಹತ್ತು ರಾತ್ರಿ ಪಂದ್ಯಗಳಲ್ಲಿ ಮಹಿಳೆಯರಿಗೆ ಸಿಕ್ಕಿದ್ದು ಒಂದೇ ಒಂದು. ಪುರುಷರ ಆಟಕ್ಕೇ ಈಗ ಆಕರ್ಷಣೆ ಹೆಚ್ಚು ಎಂಬರ್ಥದ ಮಾತಾಡಿ, ಟೀಕೆ ಬಂದ ಮೇಲೆ ಕ್ಷಮೆ ಕೇಳಿದರು. ಓದಿ ನನಗೆ ನಿಜವಾಗಿ ನೋವಾಗಿತ್ತು. ನಮ್ಮ ತರಗತಿಯಲ್ಲೂ ಅದೇ ಕತೆ: ಸಂಜೆ ಆರೂವರೆಯ ದೀಪದ ಬೆಳಕಿನ ಬ್ಯಾಚ್ ಹುಡುಗರಿಗೆ, ಮೂರೂವರೆಯ ಸುಡುಬಿಸಿಲು ಹುಡುಗಿಯರಿಗೆ. ಶಾಲೆಯ ಬಸ್ ಮನೆಗೆ ಬರುವುದೇ ಮೂರೂಮುಕ್ಕಾಲಿಗೆ! ಕೇಳಿದಾಗ ಮೇಡಂ ಹಾಜರಿ ಪುಸ್ತಕ ತೆರೆದು, “ಹುಡುಗರು ಇಪ್ಪತ್ತೆರಡು ಜನ, ಹುಡುಗಿಯರು ಏಳೇ ಜನ ಸಾರ್” ಎಂದರು. “ಆ ಹೊತ್ತಿಗೆ ಏಳು ಜನ ಬರುತ್ತಿರುವುದೇ ಹೆಚ್ಚು ಮೇಡಂ” ಎಂದೆ. ಅವರು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ವಾರದಿಂದ ಬುಧವಾರದ ದೀಪದ ಬ್ಯಾಚ್ ಹುಡುಗಿಯರದಾಯಿತು. ಈಗ ಆ ದಿನ ಹನ್ನೆರಡು ಜನ ಬರುತ್ತಾರೆ.

ಮಳೆ ಬಂದರೆ ಕೋರ್ಟ್ ಒಣಗಲು ಎರಡು ದಿನ ಬೇಕು, ತಪ್ಪಿದ ತರಗತಿಗೆ ಬದಲಿ ತರಗತಿ ಕೊಡುತ್ತಾರೆ. ಶೌಚಾಲಯ ಸ್ವಚ್ಛವಾಗಿದೆ. ಗಾಡಿ ನಿಲ್ಲಿಸಲು ಜಾಗವಿಲ್ಲ. ಕಲಿಸುವಿಕೆಗೆ ಐದಕ್ಕೆ ಐದು ಅಂಕ. ವೇಳಾಪಟ್ಟಿಗೆ ಸದ್ಯ ಮೂರು. ಶುಕ್ರವಾರದ ದೀಪವೂ ಹುಡುಗಿಯರಿಗೆ ಸಿಕ್ಕ ದಿನ ಇಲ್ಲಿಯೇ ತಿದ್ದಿ ಬರೆಯುತ್ತೇನೆ.